ಗ್ರೀಸ್ ಪಂಪಿಗೆ ಕೆಂಪು ದೀಪ

ಅವರು ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ತಲುಪಿತು. ಸಂಸೆಯ ಜೀಪು ಡ್ರೈವರ್ ಒಬ್ಬ ಬೇರೆ ಯಾವುದೋ ವಿಷಯಕ್ಕೆ ಫೋನ್ ಮಾಡಿದ್ದವನು, ಮಾತು ಮುಗಿಸುವ ಮುಂಚೆ, “ನಿಮ್ಮ ಪಕ್ಕದ ರೂಮಲ್ಲಿ ಇದ್ರಲ್ಲ, ಗ್ರೀಸ್ ಪಂಪಿನೋರು, ಹೋಗ್ಬಿಟ್ರು. ಗೊತ್ತಾಯ್ತಾ?” ಎಂದ. ಗೊತ್ತಾಗಿರಲಿಲ್ಲ. ಪತ್ರಿಕೆಯ ವರದಿಗಾರ ನಾನು; ಸುತ್ತಲಿನ ಹೋಬಳಿಗಳಲ್ಲಿ ಯಾರು ಸತ್ತರೂ ಮೊದಲು ತಿಳಿಯಬೇಕಾದ ಕೆಲಸ ನನ್ನದು. ಹನ್ನೊಂದನೆಯ ದಿನಕ್ಕೆ ಬಸ್ಸು ಹತ್ತಿ ಸಂಸೆಗೆ ಹೋದೆ.

ಅವರ ತಂಗಿಯ ಮನೆಯಲ್ಲಿ ಊಟ. ಆಕೆಯೇ ಬಡಿಸುತ್ತಿದ್ದರು. ಬಡಿಸುತ್ತಲೇ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ಅಣ್ಣನಿಗೆ ಯಾರ ಮಾತೂ ಬೇಕಿರ್ಲಿಲ್ಲ ನೋಡಿ. ಅವನು ಹೇಳೋದು, ನಾವು ಕೇಳೋದು. ನಾವೆಂತಾದ್ರೂ ಹೇಳಕ್ಕೆ ಹೋದ್ರೆ ಎದ್ದು ತೋಟದ ಕಡೆ ಹೋಗ್ತಿದ್ದ. ಭಾರೀ ಗರ್ವ.”

“ಗರ್ವ ಅಂತಲ್ಲ. ಕೈಯಲ್ಲಿ ವಿದ್ಯೆ ಇದ್ದೋರು ಸ್ವಲ್ಪ ಹಾಗೇ,” ಎಂದು ಪಕ್ಕದ ಎಲೆಯವರು ಸಮಾಧಾನ ಹೇಳಿದರು.

ಎರಡೂ ಅಲ್ಲ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ವರ್ಷಗಳಿಂದ ಕೇಳುತ್ತಿರಲಿಲ್ಲ. ಅದು ಹೊರಗೆ ತಿಳಿದರೆ ಯಾರೂ ಯಂತ್ರ ಮುಟ್ಟಲು ಬಿಡುವುದಿಲ್ಲ ಎಂದು ಅವರು ಬಚ್ಚಿಟ್ಟಿದ್ದರು. ಗೊತ್ತಿದ್ದವನು ನಾನೊಬ್ಬ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಎಲೆಯ ಮುಂದೆ ಕೂತು ಆ ಮಾತು ಮುರಿಯಲು ಮನಸ್ಸಾಗಲಿಲ್ಲ. ಕೈ ತೊಳೆಯುವಾಗ ತಂಗಿಯನ್ನು ಪಕ್ಕಕ್ಕೆ ಕರೆದು ಹೇಳಿದೆ.

ಆಕೆ ತಂಬಿಗೆ ಕೆಳಗಿಟ್ಟರು. “ಹಾಗಾದ್ರೆ ನಾನು ಬೈದಿದ್ದು ಒಂದೂ ಅವನಿಗೆ ಕೇಳಿಸ್ಲೇ ಇಲ್ವಾ?” ಎಂದರು. ಆಮೇಲೆ, “ನೀವು ಪೇಪರ್‌ನೋರು. ಎಲ್ಲರಿಗೂ ಗೊತ್ತಾಗೋ ಹಾಗೆ ಹೇಳಿ. ಗರ್ವ ಅಂತ ಊರಿಗೆಲ್ಲ ಹೇಳಿಟ್ಟಿದ್ದು ನಾನೇ,” ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಅವರನ್ನು ಕಂಡವರಿಗೆ ಹೆಸರು ಬೇಕಾಗುವುದಿಲ್ಲ.

ಆಲ್ದೂರು ಬಸ್ ನಿಲ್ದಾಣದ ಹಿಂದಿನ ಕಟ್ಟಡದ ಮಹಡಿಯಲ್ಲಿ ನಮ್ಮಿಬ್ಬರ ಕೋಣೆಗಳು ಅಕ್ಕಪಕ್ಕ. ನಡುವೆ ಒಂದೇ ಗೋಡೆ. ಆರು ವರ್ಷ ಹಾಗಿದ್ದೆವು. ಅವರು ಬಯಲುಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಬಹಳ ಕಾಲ ದುಡಿದು, ಹೆಂಡತಿ ತೀರಿಕೊಂಡ ಮೇಲೆ ಅದನ್ನು ಬಿಟ್ಟು ಮಲೆನಾಡಿಗೆ ಮರಳಿದವರು. ಮಕ್ಕಳಿರಲಿಲ್ಲ. ಹೆಂಡತಿಯ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರ ಕೆಲಸ ಒಂದೇ: ಯಂತ್ರಗಳಿಗೆ ಗ್ರೀಸ್ ಉಣಿಸುವ ಪಂಪು ಕೂರಿಸುವುದು. ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ತೋಟಗಳಿಂದ ಬಂದ ಪಾರ್ಚ್‌ಮೆಂಟಿನ, ಎಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿಯ, ಹೊಟ್ಟು ಬಿಡಿಸಿ, ಬೇಳೆಯ ಗಾತ್ರ ಬೇರ್ಪಡಿಸಿ ಮೂಟೆ ಕಟ್ಟುವ ಕಡೆ, ತಿರುಗುವ ಭಾಗಗಳು ನೂರಾರು. ಹಿಂದೆ ಒಬ್ಬ ಆಳು ಗ್ರೀಸ್ ಗನ್ ಹಿಡಿದು ಬೆಳಗ್ಗೆ ಸಂಜೆ ಒಂದೊಂದಕ್ಕೂ ಒತ್ತುತ್ತಿದ್ದ. ಈಗ ಒಂದು ಗಾಜಿನಂಥ ಡಬ್ಬಿ, ಅದರ ಕೆಳಗೆ ಮೋಟಾರು, ಅಲ್ಲಿಂದ ಗ್ರೀಸನ್ನು ಪಾಲು ಹಂಚುವ ಒಂದು ಲೋಹದ ಬ್ಲಾಕು, ಬ್ಲಾಕಿನಿಂದ ಪ್ರತಿ ಬೇರಿಂಗಿಗೂ ಒಂದು ತೆಳ್ಳಗಿನ ನಳಿಕೆ. ಇಷ್ಟು ಹೊತ್ತಿಗೊಮ್ಮೆ ಇಷ್ಟು ನಿಮಿಷ ಎಂದು ಗಡಿಯಾರ ಹೊಂದಿಸಿಟ್ಟರೆ ಪಂಪು ತಾನೇ ಉಣಿಸುತ್ತದೆ. ಕೇಳಲು ಸುಲಭ. ಆ ಹೊಂದಿಸುವಿಕೆಗೆ ‘ಸೆಟ್ಟಿಂಗ್’ ಎನ್ನುತ್ತಾರೆ, ಅದರಲ್ಲಿ ಕಳಸದಿಂದ ಮೂಡಿಗೆರೆಯವರೆಗೆ ಅವರಿಗೆ ಸಮನಾದವರು ಇರಲಿಲ್ಲ. ಅವರ ಸೆಟ್ಟಿಂಗ್ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಈ ವಾಕ್ಯವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ವರ್ಕ್ಸ್ ಒಂದರ ಪುಸ್ತಕದಲ್ಲಿ ಬೇರೆಯದೇ ಬರೆದಿದೆ.

ಅವರು ಕೆಲಸ ಮಾಡುವುದನ್ನು ನಾನು ನಾಲ್ಕೈದು ಸಲ ನೋಡಿದ್ದೇನೆ. ಮೊದಲ ದಿನ ಪಂಪಿನ ಪೆಟ್ಟಿಗೆಯನ್ನು ತೆರೆಯುತ್ತಲೇ ಇರಲಿಲ್ಲ. ಯಂತ್ರ ಓಡುತ್ತಿರುವಾಗ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಂದೊಂದು ಕಡೆಯೂ ಒಂದೊಂದು ನಿಮಿಷ. ಬೇರೆ ಮೆಕ್ಯಾನಿಕ್‌ಗಳು ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಇವರದ್ದು ಹಲ್ಲು. ಬೇಳೆ ಹೆಕ್ಕುವ ಹೆಂಗಸರಿಗೆ ಅದೊಂದು ನಗೆ. “ಇವತ್ತು ಹಲ್ಲರಿಗೆ ಮುತ್ತು ಕೊಡೋ ದಿನ,” ಎನ್ನುತ್ತಿದ್ದರು. ಹಲ್ಲರ್ ಎಂದರೆ ಹೊಟ್ಟು ಬಿಡಿಸುವ ದೊಡ್ಡ ಯಂತ್ರ.

“ಹಲ್ಲಿಗೆ ಗೊತ್ತಾಗೋದು ಕಿವಿಗೆ ಗೊತ್ತಾಗಲ್ಲ,” ಎಂದು ಅವರು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಅದು ಪೂರ್ತಿ ನಿಜವಾಗಿತ್ತು.

ಎರಡನೆಯ ದಿನ ಪಂಪನ್ನು ಕಂಬಕ್ಕೆ ಕೂರಿಸುತ್ತಿದ್ದರು. ಎದೆಯ ಎತ್ತರಕ್ಕೆ, ಧೂಳು ಬೀಳದ ಕಡೆ, ಕಂಬದ ನಡುಕ ತಾಗದಂತೆ ಕೆಳಗೊಂದು ರಬ್ಬರ್ ತುಂಡು. ಡಬ್ಬಿ ನೆಟ್ಟಗಿದೆಯೇ ಎಂದು ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ಆಮೇಲೆ ನಳಿಕೆಗಳು. ಅತಿ ದೂರದ ಬೇರಿಂಗಿನಿಂದ ಶುರುಮಾಡಿ ಪಂಪಿನ ಕಡೆಗೆ ಬರುತ್ತಿದ್ದರು. ನಳಿಕೆಯ ತುದಿಗಳನ್ನು ತಕ್ಷಣ ಬೇರಿಂಗಿಗೆ ಸೇರಿಸುತ್ತಿರಲಿಲ್ಲ. ತೆರೆದೇ ಬಿಟ್ಟು ಪಂಪು ಓಡಿಸಿ, ಗ್ರೀಸು ತೊಟತೊಟ ಸಿಡಿಯುವುದು ನಿಂತು ಒಂದೇ ಎಳೆಯಾಗಿ ಬರುವವರೆಗೆ ಕಾಯುತ್ತಿದ್ದರು. ಆ ಎಳೆಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಆಮೇಲೆ ಜೋಡಣೆ. “ನಳಿಕೆ ಒಳಗೆ ಒಂದು ಗುಳ್ಳೆ ಗಾಳಿ ಇದ್ರೂ ಆ ಬೇರಿಂಗು ಉಪವಾಸ,” ಎನ್ನುತ್ತಿದ್ದರು.

ಜಾಸ್ತಿ ಗ್ರೀಸ್ ಹಾಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಉಪವಾಸ ಕೆಡವಿ ಕೊಂದದ್ದಕ್ಕಿಂತ ತುರುಕಿ ಕೊಂದದ್ದೇ ಹೆಚ್ಚು, ಮಾರಾಯ್ರೆ,” ಎಂಬುದು ಅವರ ಮಾತು. ಕಾಫಿ ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆಂದು ವರ್ಕ್ಸ್‌ಗೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಒಮ್ಮೆ ಮಾಲೀಕರೊಬ್ಬರು ಅತ್ತರು ಹಾಕಿಕೊಂಡು ಬಂದಾಗ, “ಸಾರ್, ನೀವು ಸ್ವಲ್ಪ ಹೊರಗಿರಿ, ನಿಮ್ಮ ಮೂಟೆಗೆ ಒಳ್ಳೇದು,” ಎಂದರು. ಮಾಲೀಕರು ಏನೋ ಉತ್ತರ ಕೊಟ್ಟರು. ಇವರು ಆಗಲೇ ಬೆನ್ನು ತಿರುಗಿಸಿದ್ದರು. ಅಂಥ ಪ್ರಸಂಗಗಳಿಂದಲೇ ಅವರ ಗರ್ವದ ಕಥೆ ಬೆಳೆದದ್ದು.

ಸಹಾಯಕ್ಕೆ ಯಾರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವವನು ಯಂತ್ರದ ಆಚೆ ಬದಿಯಿಂದ ಕೂಗಿ ಕೇಳುತ್ತಾನೆ. ಕೂಗಿದ್ದಕ್ಕೆ ಉತ್ತರ ಬರದಿದ್ದರೆ ಎರಡೇ ದಿನದಲ್ಲಿ ವಿಷಯ ಗೊತ್ತಾಗುತ್ತದೆ.

ಹೋಟೆಲಿನಲ್ಲಿ ಅವರದ್ದು ಗೋಡೆಯ ಬದಿಯ ಕೊನೆಯ ಮೇಜು. ಅಲ್ಲಿ ಕೂತರೆ ಎಲ್ಲರ ಬಾಯಿಯೂ ಕಾಣುತ್ತದೆ. ಮಾಣಿ ಹತ್ತಿರ ಬರುವ ಮೊದಲೇ ಒಂದೇ ಉಸಿರಿಗೆ, “ಎರಡು ದೋಸೆ, ಚಟ್ನಿ ಬೇಡ, ಸಾಂಬಾರು ಸಾಕು, ಕಾಫಿ ಆಮೇಲೆ, ಸಕ್ಕರೆ ಕಮ್ಮಿ,” ಎನ್ನುತ್ತಿದ್ದರು. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ. ಮಾಣಿ ಒಂದು ದಿನ, “ದೋಸೆ ಹಿಟ್ಟು ಮುಗೀತು, ಇಡ್ಲಿ ಇದೆ,” ಎಂದ. ಅವರು ತಲೆಯಾಡಿಸಿದರು. ಇಡ್ಲಿ ಬಂದಾಗ ಒಂದು ಕ್ಷಣ ತಟ್ಟೆಯನ್ನು ನೋಡಿ, ನಂತರ ಅದನ್ನೇ ಬಯಸಿದ್ದವರಂತೆ ತಿಂದರು. ನಾನು ಎದುರು ಮೇಜಿನಲ್ಲಿದ್ದೆ. ಆಗಿನ್ನೂ ನನಗೆ ಗೊತ್ತಿರಲಿಲ್ಲ; ಒಳ್ಳೆಯ ಮನುಷ್ಯ, ತಕರಾರಿಲ್ಲ ಎಂದುಕೊಂಡೆ.

ಫೋನ್ ಎತ್ತುತ್ತಿರಲಿಲ್ಲ. “ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ಮೆಸೇಜ್ ಹಾಕಿ,” ಎನ್ನುತ್ತಿದ್ದರು. ಜನ ಅದನ್ನು ಶಿಸ್ತು ಎಂದು ಭಾವಿಸಿದರು. ಮಾತು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಿಷಯ. ಜನ ಅದನ್ನು ಅಹಂ ಎಂದು ಭಾವಿಸಿದರು. ಸಂಜೆ ಮಹಡಿಯ ಜಗಲಿಯಲ್ಲಿ ಕೂತು ಬಸ್ಸುಗಳನ್ನು ನೋಡುತ್ತಿದ್ದರು. ಕೆಳಗಿನಿಂದ ಯಾರಾದರೂ “ಊಟ ಆಯ್ತಾ?” ಎಂದರೆ ಅವರ ಮುಖ ಆ ಕಡೆ ತಿರುಗುತ್ತಿರಲಿಲ್ಲ. ಎರಡು ವರ್ಷದ ನಂತರ ಯಾರೂ ಕೇಳುವುದನ್ನೇ ಬಿಟ್ಟರು.

ನನಗೆ ತಿಳಿದದ್ದು ಒಂದು ಭಾನುವಾರ ಬೆಳಗ್ಗೆ. ಅವರ ಕೋಣೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ನಾಲ್ಕು, ಐದು, ಆರು. ಎಂಟನೆಯ ಕೂಗಿಗೆ ಸೀದ ವಾಸನೆ ಬಂತು. ಹೋಗಿ ನೋಡಿದರೆ ಬಾಗಿಲು ತೆರೆದಿದೆ. ಅವರು ಒಲೆಗೆ ಬೆನ್ನು ಹಾಕಿ ಕೂತು ಒಂದು ಪಂಪಿನ ಕೈಪಿಡಿ ಓದುತ್ತಿದ್ದಾರೆ. ಕುಕ್ಕರ್ ಇದ್ದದ್ದು ಅವರಿಂದ ಮೂರು ಅಡಿ ದೂರದಲ್ಲಿ. ನನ್ನ ನೆರಳು ಪುಟದ ಮೇಲೆ ಬಿದ್ದ ಮೇಲೆ ತಲೆಯೆತ್ತಿದರು. ನಾನು ಒಲೆ ಆರಿಸಿದೆ.

“ದಪ್ಪ ದನಿ ಕೇಳ್ತದೆ,” ಎಂದರು ಅವರೇ. “ನಿಮ್ಮದು ಪರವಾಗಿಲ್ಲ. ಹೆಂಗಸರದ್ದು, ಮಕ್ಕಳದ್ದು ಇಲ್ಲ. ಹಕ್ಕಿ ಇಲ್ಲ. ಸಿಳ್ಳೆ ಇಲ್ಲ. ಸಿಮೆಂಟು ಗಿರಣಿ ಪಕ್ಕ ಅಷ್ಟು ವರ್ಷ ನಿಂತ್ರೆ ಹಾಗೇ ಆಗ್ತದೆ.”

“ಡಾಕ್ಟರಿಗೆ ತೋರಿಸಿದ್ರಾ? ಮಿಶನ್ ಹಾಕ್ತಾರಲ್ಲ ಕಿವಿಗೆ.”

“ಹಾಕಿದ್ರೆ ಕಾಣ್ತದಲ್ಲ,” ಎಂದರು. ನಂತರ, “ನೀವು ಪೇಪರ್‌ನೋರು. ಇದು ಸುದ್ದಿ ಅಲ್ಲ. ಯಾರಿಗೂ ಹೇಳ್ಬಾರ್ದು,” ಎಂದರು. ನಾನು ಒಪ್ಪಿದೆ. ಆ ದಿನ ಸೀದ ಅನ್ನದ ಮೇಲಿನ ಪದರವನ್ನು ತೆಗೆದು ಇಬ್ಬರೂ ಉಂಡೆವು. ಕೈಪಿಡಿಯನ್ನು ನಾನೂ ತಿರುವಿ ಹಾಕಿದೆ. ಅದರಲ್ಲೊಂದು ಪುಟ ಎಚ್ಚರಿಕೆಯ ಶಬ್ದಗಳದ್ದು. ಗ್ರೀಸು ಎಲ್ಲಾದರೂ ಕಟ್ಟಿಕೊಂಡು ಮುಂದೆ ಹೋಗದಿದ್ದರೆ ಪಂಪು ಮೂರು ಸಲ ಚಿಕ್ಕದಾಗಿ ಕೂಗಿ, ನಿಂತು, ಮತ್ತೆ ಮೂರು ಸಲ ಕೂಗುತ್ತದೆ. ಹಾಗೆ ಕೂಗಿದರೆ ಯಂತ್ರ ನಿಲ್ಲಿಸಬೇಕು.

“ಇದನ್ನ ಏನು ಮಾಡ್ತೀರಿ?” ಎಂದು ಪುಟದ ಮೇಲೆ ಬೆರಳಿಟ್ಟು ಕೇಳಿದೆ.

“ಅದಕ್ಕೇ ದೀಪ,” ಎಂದರು.

ಅವರು ಕೂರಿಸಿದ ಪ್ರತಿ ಪಂಪಿನ ಮೇಲೂ ಒಂದು ಕೆಂಪು ದೀಪ ಇರುತ್ತಿತ್ತು. ಕಂಪನಿ ಕೊಟ್ಟದ್ದಲ್ಲ, ಎಚ್ಚರಿಕೆಯ ತಂತಿಗೆ ಅವರೇ ಜೋಡಿಸಿದ್ದು. ಮಾಲೀಕರಿಗೆ ಅದು ಬಹಳ ಇಷ್ಟ. ಕೇಳದೆ ಮಾಡಿಕೊಡುವ ಹೆಚ್ಚಿನ ಸೇವೆ ಎಂದು ಹೊಗಳುತ್ತಿದ್ದರು. ಕೆಲಸಗಾರರಿಗೆ ಅವರು ಕಲಿಸುವ ಪಾಠ ಒಂದೇ ವಾಕ್ಯದ್ದು: “ಕೆಂಪು ದೀಪ ಹತ್ತಿದ್ರೆ ಮಿಶನ್ ನಿಲ್ಸಿ, ಇಲ್ಲದಿದ್ರೆ ಪಂಪಿನ ತಂಟೆಗೆ ಹೋಗ್ಬೇಡಿ.” ಶಬ್ದದ ವಿಷಯ ಹೇಳುತ್ತಿರಲಿಲ್ಲ.

ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಕ್ಯೂರಿಂಗ್ ವರ್ಕ್ಸ್ ಇದೆ. ಅದರ ಹಲ್ಲರ್ ಮಾಲೀಕರ ತಂದೆಯ ಕಾಲದ್ದು. ಮುಖ್ಯ ದಂಡ ತಿರುಗುವುದು ಬುಷ್ ಎಂಬ ಕಂಚಿನ ಬಳೆಯೊಳಗೆ. ಅದಕ್ಕೆ ಗ್ರೀಸು ಆಗಾಗ ಬರುತ್ತಲೇ ಇರಬೇಕು. ಒಂದು ವರ್ಷ ಅದಕ್ಕೂ ಪಂಪು ಹಾಕಿಸಲು ಮಾಲೀಕರು ಇವರನ್ನು ಕರೆದರು. ನಾಲ್ಕು ದಿನದ ಕೆಲಸ. ಐದನೆಯ ದಿನ ಬೆಳಗ್ಗೆ ಸೀಸನ್ನಿನ ಮೊದಲ ಲಾಟು ಕಾಫಿಯನ್ನು ಹಲ್ಲರಿಗೆ ಹಾಕುವ ಪೂಜೆ. ಚಿಕ್ಕದೊಂದು ಸುದ್ದಿ, ಒಂದು ಫೋಟೋ ಎಂದು ಮಾಲೀಕರು ನನ್ನನ್ನೂ ಕರೆದಿದ್ದರು.

ನಾನು ಹೋಗುವ ಹೊತ್ತಿಗೆ ಮಂಗಳಾರತಿ ಆಗಿತ್ತು. ಪೂಜೆಗೆಂದು ಮೇಸ್ತ್ರಿ ಹಿಂದಿನ ಸಂಜೆ ಯಂತ್ರದ ರಕ್ಷಣಾ ತಗಡುಗಳನ್ನೆಲ್ಲ ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಹಾಕಿದ್ದ. ಹಾಗೆ ಹಾಕುವಾಗ ಒಂದು ತಗಡಿನ ಅಂಚಿಗೆ ಬುಷ್‌ನ ನಳಿಕೆ ಸಿಕ್ಕಿ ಜಜ್ಜಿಹೋಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಹೆಂಗಸರ ಕಡೆಯಿಂದ ಜಲಜಾಕ್ಷಿ ಎಂಬಾಕೆ ಸೇವಂತಿಗೆಯ ದಪ್ಪ ಮಾಲೆಯೊಂದನ್ನು ತಂದು ಹೊಸ ಪಂಪಿಗೆ ಹಾಕಿದಳು. ಡಬ್ಬಿ ನುಣುಪು, ಮಾಲೆ ನಿಲ್ಲುವುದಿಲ್ಲ. ಆ ಕಂಬದಲ್ಲಿ ಮಾಲೆ ತೂಗಲು ಇದ್ದ ಒಂದೇ ಆಸರೆ ದೀಪದ ಹೋಲ್ಡರು. ಅದಕ್ಕೇ ಎರಡು ಸುತ್ತು ಸುತ್ತಿದಳು.

ಹಲ್ಲರ್ ಓಡಿತು. ನಾನು ಪಂಪಿನ, ಮಾಲೀಕರ, ಅವರ ಪಕ್ಕದಲ್ಲಿ ನಿಂತ ನಮ್ಮ ಗ್ರೀಸ್ ಪಂಪಿನವರ ಫೋಟೋ ತೆಗೆದೆ. ಪ್ರಸಾದ ಹಂಚುತ್ತಿದ್ದಾಗ ಆ ಶಬ್ದ ಕಿವಿಗೆ ಬಿತ್ತು. ಮೂರು ಸಲ ಚಿಕ್ಕದಾಗಿ, ನಿಲುಗಡೆ, ಮತ್ತೆ ಮೂರು ಸಲ. ಹಲ್ಲರಿನ ಗದ್ದಲದ ನಡುವೆಯೂ ಸೂಜಿ ಚುಚ್ಚಿದಂತೆ ಕೇಳುತ್ತಿತ್ತು.

“ಎಂತ ಅದು, ಕೋಳಿಮರಿ ಇಟ್ಟಿದ್ದಾರಾ ಒಳಗೆ?” ಎಂದಳು ಜಲಜಾಕ್ಷಿ.

“ಹೊಸದಲ್ವಾ, ಹಸಿವಾಗಿರ್ಬೇಕು,” ಎಂದಳು ಪಕ್ಕದವಳು.

ಮೇಸ್ತ್ರಿ ಪಂಪಿನ ಕಡೆ ನೋಡಿದ, ಆಮೇಲೆ ಅವರ ಕಡೆ ನೋಡಿದ. ಅವರು ಎರಡು ಮಾರು ದೂರದಲ್ಲಿ ನಿಂತು ಮಾಲೀಕರಿಗೆ ಗ್ರೀಸಿನ ಜಾತಿಗಳ ಬಗ್ಗೆ ಬಿಡದೆ ಹೇಳುತ್ತಿದ್ದರು. “ಅವರೇ ಅಲ್ಲೇ ನಿಂತಿದ್ದಾರಲ್ಲ. ನಮಗಿಂತ ಅವರಿಗೆ ಗೊತ್ತಿಲ್ವಾ?” ಎಂದು ಮೇಸ್ತ್ರಿ ಹೆಂಗಸರಿಗೆ ಹೇಳಿದ. “ದೀಪ ಹತ್ತಿದ್ರೆ ನಿಲ್ಸಿ ಅಂದಿದ್ದು. ದೀಪ ಎಲ್ಲಿ ಹತ್ತಿದೆ?” ಮಾಲೀಕರಿಗೂ ಅದೇ ಅನಿಸಿರಬೇಕು; ಒಂದು ಸಲ ಕತ್ತು ತಿರುಗಿಸಿ ನೋಡಿ, ಮತ್ತೆ ಕೇಳುತ್ತಾ ನಿಂತರು. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಿ, ನಿಮ್ಮ ಯಂತ್ರ ಕೂಗುತ್ತಿದೆ ಎಂದು ಅದನ್ನು ಕೂರಿಸಿದವರಿಗೇ ಹೇಳುವ ಅಭ್ಯಾಸ ನಮ್ಮ ಕಡೆ ಇಲ್ಲ.

ಅಲ್ಲಿದ್ದವರಲ್ಲಿ ಎರಡು ವಿಷಯ ಗೊತ್ತಿದ್ದವನು ನಾನೊಬ್ಬನೇ: ಆ ಶಬ್ದದ ಅರ್ಥ, ಮತ್ತು ಅವರಿಗೆ ಅದು ಕೇಳುವುದಿಲ್ಲ ಎಂಬುದು. ಹತ್ತಿರ ಹೋಗಿ ಹೇಳಿದರೆ ಎಲ್ಲರೆದುರು ಬಯಲಾಗುತ್ತದೆ. ಮಾಲೀಕರು ಆ ಕಡೆ ಹೋಗಲಿ, ಆಗ ತೋಳು ಮುಟ್ಟಿ ತೋರಿಸೋಣ ಎಂದು ಕಾದೆ. ಮಾಲೀಕರು ಹೋಗಲಿಲ್ಲ. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ದೇವರಮನೆ ಕಡೆಯ ಒಂದು ತೋಟದ ಕೆರೆಯಲ್ಲಿ ಆನೆಮರಿ ಬಿದ್ದಿದೆ, ಅರಣ್ಯ ಇಲಾಖೆಯವರು ಹೊರಟಿದ್ದಾರೆ, ಕೂಡಲೇ ಹೋಗಿ ಎಂದರು. ನಾನು ಹೊರಟೆ. ಆಗ ಒಂಬತ್ತೂವರೆ. ಪಂಪು ಕೂಗುತ್ತಿತ್ತು.

ದಾರಿಯಲ್ಲಿ ಬೈಕು ನಿಲ್ಲಿಸಿ “ಪಂಪು ಕೂಗುತ್ತಿದೆ, ನೋಡಿ” ಎಂದು ಮೆಸೇಜ್ ಬರೆದೆ. ಕಳಿಸುವ ಮೊದಲು, ಇಷ್ಟು ಹೊತ್ತಿಗೆ ಯಾರಾದರೂ ಹೇಳಿರುತ್ತಾರೆ, ಈಗ ಕಳಿಸಿದರೆ ಅವಮಾನ ಎಂದುಕೊಂಡು ಅಳಿಸಿದೆ. ಆನೆಮರಿಯನ್ನು ಮಧ್ಯಾಹ್ನದ ಹೊತ್ತಿಗೆ ಮೇಲೆತ್ತಿದರು. ಮೊದಲ ಪುಟದ ಸುದ್ದಿ.

ಹನ್ನೆರಡೂವರೆಗೆ ಹಲ್ಲರಿನ ಬುಷ್ ಕಾದು ದಂಡಕ್ಕೆ ಅಂಟಿಕೊಂಡಿತು. ಬೆಲ್ಟು ಹರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ದಂಡದ ಮೇಲೆ ಗೀರು ಬಿದ್ದಿತ್ತು. ಹೊಸ ಬುಷ್ ಕಡೆಸಿ ತರುವವರೆಗೆ ಹಲ್ಲರ್ ನಿಂತಿತು, ತೋಟಗಳಿಂದ ಬಂದ ಮೂಟೆಗಳು ಅಂಗಳದಲ್ಲಿ ಉಳಿದವು.

ಮರುದಿನ ನಾನು ಹೋದಾಗ ಮೇಸ್ತ್ರಿ ನಡೆದದ್ದನ್ನು ಹೇಳಿದ. ಬುಷ್ ಅಂಟಿದ ಮೇಲೆ ಎಲ್ಲರೂ ಸುತ್ತ ಸೇರಿದ್ದರು. ಮಾಲೀಕರು ಸಿಟ್ಟಾಗಲಿಲ್ಲ, ಒಂದೇ ಪ್ರಶ್ನೆ ಕೇಳಿದರು: “ಬೆಳಗ್ಗೆಯಿಂದ ಕೂಗ್ತಾನೇ ಇತ್ತಲ್ಲ. ನೀವು ಪಕ್ಕದಲ್ಲೇ ಇದ್ರಿ. ನಿಮಗೆ ಕೇಳಿಸ್ಲಿಲ್ವಾ?”

ಅವರು ಮಾಲೀಕರ ಬಾಯಿಯನ್ನೇ ನೋಡುತ್ತಿದ್ದರಂತೆ. “ಕೇಳಿಸ್ತು,” ಎಂದರಂತೆ. “ನನ್ನ ಸೆಟ್ಟಿಂಗ್ ತಪ್ಪಾಗಿತ್ತು, ಅದಕ್ಕೆ ಕೂಗ್ತಿದೆ, ಆಮೇಲೆ ಸರಿ ಮಾಡುವ ಅಂತ ಬಿಟ್ಟೆ. ತಪ್ಪು ನನ್ನದು.” ಯಾರೂ ಕೇಳದಿದ್ದರೂ ವರ್ಕ್ಸ್‌ನ ಲಾಗ್ ಪುಸ್ತಕ ತರಿಸಿ ಅದನ್ನೇ ಬರೆದು ಸಹಿ ಹಾಕಿದರು. ನಾನು ಆ ಪುಟವನ್ನು ಓದಿದ್ದೇನೆ. ದುಂಡಗಿನ, ಒತ್ತಿ ಬರೆದ ಅಕ್ಷರಗಳು. ‘ಟೈಮರ್ ಸೆಟ್ಟಿಂಗ್ ನನ್ನಿಂದ ತಪ್ಪಾದ ಕಾರಣ ಬುಷ್‌ಗೆ ಗ್ರೀಸು ಹೋಗಿರುವುದಿಲ್ಲ.’

ಜಜ್ಜಿದ ನಳಿಕೆಯನ್ನು ಅವರು ಆ ಮಧ್ಯಾಹ್ನವೇ ಕಂಡುಹಿಡಿದಿದ್ದರು. ಅದನ್ನು ಕತ್ತರಿಸಿ, ಹೊಸದು ಹಾಕಿ, ಹಳೆಯ ತುಂಡನ್ನು ಜೇಬಿಗಿಟ್ಟುಕೊಂಡು ಬಂದಿದ್ದರು. ನಾನು ವರ್ಕ್ಸ್‌ಗೆ ಹೋಗಿ ಮರಳಿದ ಸಂಜೆ ಜಗಲಿಯಲ್ಲಿ ನನಗೆ ತೋರಿಸಿದರು.

“ಇದನ್ನ ಹೇಳ್ಬೋದಿತ್ತಲ್ಲ,” ಎಂದೆ. “ಸೆಟ್ಟಿಂಗ್ ಸರಿಯಾಗೇ ಇತ್ತು.”

“ನಳಿಕೆ ಜಜ್ಜಿತ್ತು ಅಂದ್ರೆ, ಅದಕ್ಕೇ ಪಂಪು ಕೂಗಿದ್ದು ಅಂತ ಆಗ್ತದೆ. ಕೂಗಿದ್ದು ಯಾಕೆ ಕೇಳಿಸ್ಲಿಲ್ಲ ಅಂತ ಆಗ್ತದೆ. ಮತ್ತೆ ಆ ಮೇಸ್ತ್ರಿ ಕೆಲಸಾನೂ ಹೋಗ್ತದೆ.” ತುಂಡನ್ನು ಬೆರಳುಗಳ ನಡುವೆ ತಿರುಗಿಸಿದರು. “ಸೆಟ್ಟಿಂಗ್ ತಪ್ಪಿದವನಿಗೆ ಇನ್ನೊಂದು ಕಡೆ ಕೆಲಸ ಕೊಡ್ತಾರೆ, ಮಾರಾಯ್ರೆ. ಮನುಷ್ಯ, ತಪ್ಪಾಗ್ತದೆ ಅಂತಾರೆ. ಕಿವಿ ಹೋದವನಿಗೆ ಕೊಡಲ್ಲ.”

ಈ ಲೆಕ್ಕದಲ್ಲಿ ಅವರು ಎಡವಿದರು. ಈ ಬೆಟ್ಟಗಳಲ್ಲಿ ಹಲ್ಲರ್ ಇಟ್ಟುಕೊಂಡವರು ಕೆಲವೇ ಜನ. ಮದುವೆಯಲ್ಲಿ, ಹರಾಜಿನಲ್ಲಿ ಎಲ್ಲರೂ ಎಲ್ಲರಿಗೂ ಸಿಗುತ್ತಾರೆ. ಅವರ ಕೈಚಳಕವೇ ಹೋಯಿತಂತೆ ಎಂಬ ಮಾತು ಹಬ್ಬಿತು. ಮೆಸೇಜುಗಳು ಕಡಿಮೆಯಾದವು. ಅವರು ಪ್ರತಿ ಬೆಳಗ್ಗೆ ಎಂದಿನಂತೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚದೆ, ಉಪಕರಣಗಳ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ಫೋನ್ ನೋಡುತ್ತಿದ್ದರು. ಹತ್ತು ಗಂಟೆಯವರೆಗೆ ಕಾದು ಚೀಲವನ್ನು ಒಳಗಿಡುತ್ತಿದ್ದರು. ಗೋಡೆಯ ಆಚೆಯಿಂದ ಅದರ ಸದ್ದು ನನಗೆ ಕೇಳುತ್ತಿತ್ತು.

ಆ ದಿನದ ಫೋಟೋ ನನ್ನ ಕಂಪ್ಯೂಟರಿನಲ್ಲಿತ್ತು. ಆನೆಮರಿಯ ಕಾರಣ ಅಚ್ಚಾಗಲಿಲ್ಲ. ಒಂದು ದಿನ ಅದನ್ನು ದೊಡ್ಡದು ಮಾಡಿ ನೋಡಿದೆ. ಮಾಲೀಕರು ಕ್ಯಾಮೆರಾ ನೋಡುತ್ತಿದ್ದಾರೆ. ಅವರು ಮಾತಾಡುತ್ತಿದ್ದಾರೆ. ಪಂಪಿನ ಮೇಲೆ ಸೇವಂತಿಗೆ ಮಾಲೆಯ ಹಳದಿ ಎಸಳುಗಳ ಸಂದಿಯಲ್ಲಿ ಒಂದೆರಡು ಚುಕ್ಕೆ ಕೆಂಪು. ಶಬ್ದ ನಮ್ಮ ಕಿವಿಗೆ ಬೀಳುವ ಮೊದಲೇ ದೀಪ ಹತ್ತಿತ್ತು.

ಒಂದು ವರ್ಷ ತುಂಬುವ ಮೊದಲೇ ಅವರು ಕೋಣೆ ಖಾಲಿ ಮಾಡಿದರು. ಸಂಸೆಗೆ, ತಂಗಿಯ ಮನೆಗೆ. ಹೊರಡುವ ಬೆಳಗ್ಗೆ ನಾನು ಸಾಮಾನು ಕಟ್ಟಲು ಕೈಜೋಡಿಸಿದೆ. ಹೆಚ್ಚೇನೂ ಇರಲಿಲ್ಲ: ಚೀಲ, ಟ್ರಂಕು, ಕುಕ್ಕರ್, ಕೈಪಿಡಿಗಳ ಒಂದು ಕಟ್ಟು. ಜೀಪು ಬರಲು ಇನ್ನೂ ಹೊತ್ತಿತ್ತು. ಬರಿದಾದ ಕೋಣೆಯಲ್ಲಿ ಟ್ರಂಕಿನ ಮೇಲೆ ಇಬ್ಬರೂ ಕೂತೆವು. ಅಷ್ಟು ತಿಂಗಳು ಹೇಳದೆ ಇಟ್ಟುಕೊಂಡದ್ದನ್ನು ಆಗ ಹೇಳಿದೆ. ಅವರಿಗೆ ಬಾಯಿ ಕಾಣುವಂತೆ ತಿರುಗಿ ಕೂತು, ದನಿ ದಪ್ಪ ಮಾಡಿ ಹೇಳಿದೆ.

“ಆ ದಿನ ನಾನಿದ್ದೆ. ನನಗೆ ಕೇಳಿಸಿತ್ತು. ಅದೆಂತ ಶಬ್ದ ಅಂತಾನೂ ಗೊತ್ತಿತ್ತು. ಹೇಳದೆ ಹೋದೆ.”

ಅವರು ನನ್ನನ್ನು ನೋಡುತ್ತಾ ಇದ್ದರು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಹೊರಟೆ. ಕೈ ಎತ್ತಿ ತಡೆದರು.

“ಎಷ್ಟು ಹೊತ್ತಿಗೆ ಹೊರಟ್ರಿ?”

“ಒಂಬತ್ತೂವರೆ.”

“ಆಗ ಕೂಗ್ತಿತ್ತು.”

“ಕೂಗ್ತಿತ್ತು.”

ಕೆಳಗೆ ಬಾಳೆಹೊನ್ನೂರಿನ ಬಸ್ಸು ಬಂದು ನಿಂತು, ಹೊರಟಿತು. ಅವರ ಮುಖದಲ್ಲಿ ಸಿಟ್ಟನ್ನು ಹುಡುಕಿದೆ. ಇರಲಿಲ್ಲ. ಬೇರೇನೋ ಇತ್ತು, ಅವರು ಯಂತ್ರದ ಮುಂದೆ ನಿಂತಾಗ ಮಾತ್ರ ಅದನ್ನು ಕಂಡಿದ್ದೆ.

“ಹೆಂಗಿರ್ತದೆ ಅದು?” ಎಂದರು.

ನನಗೆ ಅರ್ಥವಾಗಲಿಲ್ಲ.

“ಆ ಶಬ್ದ. ಇಷ್ಟು ಪಂಪು ಕೂರಿಸಿದೆ, ಒಂದರದ್ದೂ ನಾನು ಕೇಳಿಲ್ಲ. ಪುಸ್ತಕದಲ್ಲಿ ಓದಿದ್ದಷ್ಟೇ. ಹೆಂಗಿರ್ತದೆ?”

ಬಾಯಲ್ಲಿ ಮಾಡಿ ತೋರಿಸಿದರೆ ಅವರಿಗೆ ಕೇಳುವುದಿಲ್ಲ. ಅವರೇ ಎಡಗೈಯನ್ನು ಮುಂದೆ ಚಾಚಿದರು. ನಾನು ಮಣಿಕಟ್ಟಿನ ಒಳಮೈ ಮೇಲೆ ಬೆರಳಿನ ತುದಿಯಿಂದ ತಟ್ಟಿದೆ. ಮೂರು ಸಲ, ಮೆಲ್ಲಗೆ. ಬಿಟ್ಟು, ಮತ್ತೆ ಮೂರು ಸಲ.

ಅವರು ಕಣ್ಣು ಮುಚ್ಚಿ ಇನ್ನಷ್ಟು ಹೊತ್ತು ಕಾದರು, ಮುಂದೇನೋ ಇರಬೇಕು ಎನ್ನುವಂತೆ.

“ಇಷ್ಟೇನಾ?” ಎಂದರು. “ನಾನು ಭಾರೀ ದೊಡ್ಡದಿರ್ತದೆ ಅಂದ್ಕೊಂಡಿದ್ದೆ.”